ಸಾಹುಕಾರರ ಸಹಿ

ಜೂನ್ 2, 2025, ಸೋಮವಾರ

ಮೂರನೆಯ ಕಂತೂ ತಪ್ಪಿತು. ಬೆಳಿಗ್ಗೆ ಒಂಬತ್ತಕ್ಕೆ ಬ್ಯಾಂಕಿನ ಮೆಸೇಜು ಬಂತು. ಆಗ ನಾನು ವಾರ್ಡಿನಲ್ಲಿ ಒಬ್ಬ ಅಜ್ಜನ ಬಿಪಿ ನೋಡುತ್ತಿದ್ದೆ. ಜೇಬಿನಲ್ಲಿ ಫೋನು ನಡುಗಿತು, ತೆಗೆದು ನೋಡಿ ಪಂಪು ಒತ್ತುವುದನ್ನೇ ಮರೆತೆ. ಅಜ್ಜ ಗಾಬರಿಯಾಗಿ ಕೇಳಿದ, "ಯಾಕವಾ, ನಂದು ಬಾಳ ಏರೈತೇನು?"

"ಇಲ್ಲಪಾ ಅಜ್ಜಾ, ನಿಂದು ಬರೋಬ್ಬರಿ ಐತಿ," ಎಂದೆ.

ಇದು ಔಷಧಿ ಕಂಪನಿಯವನು ಬಿಟ್ಟುಹೋದ ಡೈರಿ. ಐದು ತಿಂಗಳಿಂದ ಖಾಲಿ ಬಿದ್ದಿತ್ತು. ಯಾರ ಮುಂದೆಯೂ ಆಡಲಾಗದ ಮಾತಿಗೆ ಇದಾದರೂ ಇರಲಿ.

ನರ್ಸಿಂಗ್ ಓದಲು ತೆಗೆದ ಸಾಲ ಮೂರು ಲಕ್ಷ ಅರವತ್ತು ಸಾವಿರ. ನಾಲ್ಕು ವರ್ಷ ಓದು, ಒಂದು ವರ್ಷ ಕೆಲಸದ ಹುಡುಕಾಟ. ಅಷ್ಟರಲ್ಲಿ ಬಡ್ಡಿ ಸೇರಿ ಅದು ನಾಲ್ಕು ಲಕ್ಷ ಎಂಬತ್ತು ಸಾವಿರವಾಗಿತ್ತು. ತಿಂಗಳಿಗೆ ಏಳು ಸಾವಿರದಂತೆ ಇಪ್ಪತ್ತು ಕಂತು ತಪ್ಪದೆ ಕಟ್ಟಿದೆ. ಬೆಳಗಾವಿಯ ಆಸ್ಪತ್ರೆಯವರು ಎರಡು ತಿಂಗಳ ಪಗಾರ ನುಂಗಿದರು. ಅಲ್ಲಿಂದ ಬಿಟ್ಟು ಬೈಲಹೊಂಗಲಕ್ಕೆ ಬಂದೆ. ಇಲ್ಲಿ ಹನ್ನೊಂದು ಸಾವಿರ. ಬಸ್ಸಿಗೆ, ಮನೆಗೆ, ಅಪ್ಪನ ಮೊಣಕಾಲಿನ ಗುಳಿಗೆಗೆ ಹೋಗಿ ಉಳಿಯುವುದನ್ನು ಬರೆಯಲು ನಾಚಿಕೆಯಾಗುತ್ತದೆ.

ನಾಚಿಕೆ ಯಾಕೆ? ಗೊತ್ತಿಲ್ಲ. ಊರಿನ ಬಸ್ಸು ಹಿಡಿಯಲು ನೇಸರಗಿಯಲ್ಲಿ ಇಳಿದರೆ ಬ್ಯಾಂಕಿನ ಮುಂದೆ ಹಾಯುವುದಿಲ್ಲ. ಹಿಂದಿನ ಓಣಿಯಿಂದ ಸುತ್ತಿ ಬರುತ್ತೇನೆ. ಇಪ್ಪತ್ತೈದು ವರ್ಷದವಳು ನಾನು, ಯಾರದೋ ಬಳೆ ಕದ್ದವಳ ಹಾಗೆ.

ಜೂನ್ 8, ಭಾನುವಾರ

ಅಪ್ಪ ಏಳಕ್ಕೇ ಸೋಮಪ್ಪ ಸಾಹುಕಾರರ ಮನೆಗೆ ಹೋದ. ಅವರು ದನದ ಮನೆಗೆ ಹೊಸ ಗೋಡೆ ಕಟ್ಟಿಸುತ್ತಿದ್ದಾರೆ. ಅಪ್ಪನಿಗೆ ಗೌಂಡಿ ಕೆಲಸಕ್ಕೆ ಹೊರಗೆ ದಿನಕ್ಕೆ ಒಂಬೈನೂರು ಕೊಡುತ್ತಾರೆ. ಸಾಹುಕಾರರ ಮನೆಯಲ್ಲಿ ಕೇಳುವುದಿಲ್ಲ. ಏಳು ವರ್ಷದಿಂದ ಅವರ ಮನೆಯ ಪ್ರತಿ ಒಡಕು, ಪ್ರತಿ ಸೋರಿಕೆ ಅಪ್ಪನ ಭಾನುವಾರದಲ್ಲೇ ಮುಚ್ಚಿದೆ. ಸುಗ್ಗಿಯಲ್ಲಿ ಅವ್ವ ಶೇಂಗಾ ಆರಿಸಲು ಹೋಗುತ್ತಾಳೆ. ಅದೂ ಹಾಗೆಯೇ.

"ಸಹಿ ಮಾಡ್ಯಾರವಾ," ಎನ್ನುತ್ತಾನೆ ಅಪ್ಪ. ಅಷ್ಟೇ ಅವನ ಕಾರಣ.

ಹೋಗಲೇಬೇಕು, ನಾನೂ ಒಪ್ಪುತ್ತೇನೆ. 2018ರಲ್ಲಿ ಅಪ್ಪ ಮತ್ತು ನಾನು ಮೊದಲ ಸಲ ಬ್ಯಾಂಕಿನ ಮೆಟ್ಟಿಲು ಹತ್ತಿದಾಗ ಮ್ಯಾನೇಜರು ನಮ್ಮ ಚಪ್ಪಲಿ ನೋಡಿ, ಆಮೇಲೆ ಮುಖ ನೋಡಿ, "ಇಲ್ಲಿ ಖಾತಾ ಇದ್ದವ್ರು, ನಿಮ್ಮನ್ನ ಬಲ್ಲವ್ರು ಯಾರನ್ನರ ಕರಕೊಂಡ ಬರ್ರಿ," ಎಂದಿದ್ದ. ನಮ್ಮ ಕೇರಿಯಲ್ಲಿ ಆ ಬ್ಯಾಂಕಿನ ಖಾತೆ ಯಾರಿಗಿತ್ತು? ಅಪ್ಪ ಸಾಹುಕಾರರ ಕಟ್ಟೆಗೆ ಹೋಗಿ ನಿಂತ. ಅವರು ಒಂದು ಮಾತೂ ಅನ್ನದೆ ಗಾಡಿ ತೆಗೆದರು, ಬಂದರು, ಸಹಿ ಮಾಡಿದರು. ಅಪ್ಪ ಹೊರಗೆ ಚಹಾ ಕುಡಿಸಿದ. ಆ ಒಂದು ಸಹಿ ಇಲ್ಲದಿದ್ದರೆ ನಾನಿವತ್ತು ಬಿಸಿಯೂಟದ ಅಡುಗೆಮನೆಯಲ್ಲಿ ಅವ್ವನ ಪಕ್ಕ ಸೌತೆಕಾಯಿ ಹೆಚ್ಚುತ್ತಿದ್ದೆ.

ಮಧ್ಯಾಹ್ನ ಅಪ್ಪನಿಗೆ ರೊಟ್ಟಿ ಒಯ್ದೆ. ಸಾಹುಕಾರರ ಹೆಂಡತಿ ಯಲ್ಲವ್ವ ನನ್ನನ್ನು ಸಂಘಮಿತ್ರಾ ಎಂದು ಕರೆಯುವುದಿಲ್ಲ. "ಬಾ ಸಂಗವ್ವ," ಎಂದು ಹೊರಗಿನ ಕಟ್ಟೆಗೇ ಚಹಾ ತಂದರು. ಪೇಪರ್ ಕಪ್ಪು. ಹಿಂದೆ ನಮಗಾಗಿ ಗೂಡಿನಲ್ಲಿ ಒಂದು ತಾಟು, ಲೋಟ ಇರುತ್ತಿದ್ದವು. ಈಗ ಪೇಪರ್ ಕಪ್ಪು. ಅವರ ಮನೆಯವರಿಗೆ ಸ್ಟೀಲಿನದು. ಆದರೂ ಚಹಾ ಕೊಟ್ಟರಲ್ಲ.

ಜೂನ್ 11, ಬುಧವಾರ

ಫೋನ್ ಬಂತು. ಬ್ಯಾಂಕಿನ ಪರವಾಗಿ ಮಾತಾಡುವವನಂತೆ. "ಮೇಡಂ, ಓದೂ ಮುಂದ ಕೈ ಚಾಚೀರಿ, ಕಟ್ಟೂ ಮುಂದ ಯಾಕ ಮಕಾ ಮುಚ್ಕೊಂತೀರಿ?" ಎಂದ.

ಫೋನು ಕಟ್ ಮಾಡಿ ಆ ನಂಬರನ್ನು ‘ತೆಗೆಯಬಾರದು’ ಎಂದು ಹೆಸರಿಟ್ಟು ಉಳಿಸಿಕೊಂಡೆ.

ಜೂನ್ 17, ಮಂಗಳವಾರ

ಇವತ್ತು ಆಗಬಾರದ್ದು ಆಯಿತು.

ಬ್ಯಾಂಕಿನವನೊಬ್ಬ ಊರಿಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ, ಹತ್ತು ಜನರ ಎದುರು, ಶಂಕ್ರೆಪ್ಪ ಗೌಂಡಿಯ ಮನೆ ಎಲ್ಲಿ ಎಂದು ಕೇಳಿದ್ದಾನೆ. ಸಂಜೆ ನಾನು ಮನೆ ಮುಟ್ಟುವುದಕ್ಕೂ ಸಾಹುಕಾರರ ಗಾಡಿ ನಮ್ಮ ಕೇರಿಗೆ ಬರುವುದಕ್ಕೂ ಸರಿಹೋಯಿತು. ಗಾಡಿ ನಿಲ್ಲಿಸಿದರು. ಇಳಿಯಲಿಲ್ಲ. ಎಂಜಿನ್ನೂ ಆರಿಸಲಿಲ್ಲ.

"ಶಂಕ್ರ್ಯಾ! ಏ ಶಂಕ್ರ್ಯಾ!"

ಅಪ್ಪ ಬನಿಯನ್ನಿನಲ್ಲೇ ಓಡಿದ. "ಬರ್ರಿ ಸಾವ್ಕಾರ್ರ."

"ಏನ್ ಬರ್ರಿ? ಮಗಳ ಸಾಲ ಮೂರು ತಿಂಗಳಿಂದ ಕಟ್ಟಿಲ್ಲಂತ. ಊರ ಮುಂದ ಡಂಗುರ ಹೊಡದ ಹೋಗ್ಯಾನ ಬ್ಯಾಂಕಿನಾಂವ. ಸಹಿ ಮಾಡಿ ಜಾಮೀನು ನಿಂತಾಂವ ನಾನು. ನಾಳಿ ನನ್ನ ಹೊಲದ ಉತಾರದಾಗ, ಪಹಣಿಯಾಗ, ಬ್ಯಾಂಕಿನ ಸಾಲದ ಬೋಜಾ ಕುಂತ್ರ, ಬಿಡಸಾಕ ನೀ ಬರ್ತಿಯೇನ?"

"ಕಟ್ತಾಳ್ರಿ. ಪಗಾರ ಸ್ವಲ್ಪ ಹಿಂದಮುಂದ ಆಗೇತ್ರಿ."

"ಏನವಾ ನರ್ಸಬಾಯಿ," ಎಂದು ನನ್ನ ಕಡೆ ತಿರುಗಿದರು. "ಮಂದಿಗೆ ಸೂಜಿ ಚುಚ್ಚೂದು ಕಲತಿ. ನನಗೂ ಚುಚ್ಚಾಕತ್ತಿಯೇನ?"

ಕೇರಿಯ ಬಾಗಿಲುಗಳೆಲ್ಲ ತೆರೆದಿದ್ದವು. ನಾನು ನೆಲ ನೋಡಿದೆ.

ಆಮೇಲೆ ಅವರು ದನಿ ಇಳಿಸಿದರು. ಕೂಗಿದ್ದಕ್ಕಿಂತ ಅದೇ ಹೆಚ್ಚು ಚುಚ್ಚಿತು. "ನೋಡ ಶಂಕ್ರ್ಯಾ. ನಾ ನಿನಗೊಂದು ಸಹಿ ಕೊಟ್ಟೇನಿ. ನೀ ನನಗೊಂದು ಸಹಿ ಕೊಡು. ಆ ದಾರಿ ಅರ್ಜಿಯಿಂದ ನಿನ್ನ ಹೆಸರು ತಗದ ಬಿಡು. ಮುಂದಿನ ತಿಂಗಳು ಹದಿನೈದಕ್ಕ ಸಾಹೇಬ್ರು ಹೊಲಾ ನೋಡಾಕ ಬರ್ತಾರಂತ. ಅದರೊಳಗ ಆಗಬೇಕು. ಆತಂದ್ರ ಸಾಲದ ಸುದ್ದಿ ನಾ ಎತ್ತಂಗಿಲ್ಲ."

ಗಾಡಿ ತಿರುಗಿತು. ಅಪ್ಪ ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದ.

ಜೂನ್ 18, ಬುಧವಾರ

ದಾರಿಯ ಸಂಗತಿ ಬರೆದಿಡುತ್ತೇನೆ.

ನಮ್ಮ ಕೇರಿಯ ಮಸಣ ಸಾಹುಕಾರರ ಹೊಲದ ಆಚೆ ಇದೆ. ಹೊಲದ ಬದುವಿಗೆ ಹೊಂದಿಕೊಂಡು ಹಳೆಯ ಬಂಡಿ ದಾರಿ ಇತ್ತು. ಮೂರು ವರ್ಷದ ಹಿಂದೆ ಅದನ್ನೂ ಉತ್ತು ಕಬ್ಬು ಹಚ್ಚಿದರು. ಸರ್ಕಾರದ ನಕಾಶೆಯಲ್ಲಿ ದಾರಿ ಇದೆ, ನೆಲದ ಮೇಲೆ ಕಬ್ಬಿದೆ. ಸತ್ತವರು ನಕಾಶೆಯ ಮೇಲೆ ನಡೆದು ಹೋಗಲಾರರು. ಹೋದ ಮಳೆಗಾಲದಲ್ಲಿ ಟಂಟಂ ಆಟೋ ಓಡಿಸುವ ಯಮನಪ್ಪನ ಅವ್ವ ತೀರಿಕೊಂಡಾಗ ಹೆಣವನ್ನು ಹಳ್ಳದಲ್ಲಿ ಇಳಿಸಿ ಒಯ್ಯಬೇಕಾಯಿತು. ಎದೆಮಟ್ಟ ನೀರು. ಚಟ್ಟ ವಾಲಿತು. ಮುದುಕಿಯ ಸೆರಗು ನೀರಿನಲ್ಲಿ ತೇಲಿತಂತೆ. ಮುಂದಿನ ಹೆಗಲು ಅಪ್ಪನದು. ಅವತ್ತು ಸಂಜೆ ಅಪ್ಪ ಒದ್ದೆ ಬಟ್ಟೆಯಲ್ಲೇ ಯಮನಪ್ಪನ ಮನೆಗೆ ಹೋಗಿ, "ಅರ್ಜಿ ಬರಿ. ಮೊದಲ ಸಹಿ ನಂದು," ಎಂದ. ತಾಲ್ಲೂಕು ಕಚೇರಿಯಲ್ಲಿ ಆ ಅರ್ಜಿ ಈಗ ಶಂಕ್ರೆಪ್ಪ ಮತ್ತು ಇತರ ನಲವತ್ತು ಜನರ ಹೆಸರಿನಲ್ಲಿದೆ.

ಅಪ್ಪ ರೊಟ್ಟಿ ಮುಟ್ಟದೆ ಕುಳಿತಿದ್ದ. ನಾನೇ ಹೇಳಿದೆ, "ತಗದ ಬಿಡಪಾ. ಇನ್ನ ನಲವತ್ತು ಸಹಿ ಅದಾವಲ್ಲ. ಒಂದು ಹೋದ್ರ ಏನಾತು?"

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಹೆಣಾ ಹೊತ್ತಾಂವ ನಿಮ್ಮಪ್ಪ. ನೀ ಅಲ್ಲ," ಎಂದಳು.

"ಸಾವ್ಕಾರ್ರ ಹೊಲಾ ಹೋದ್ರ ನೀ ಬಿಡಸ್ತಿಯೇನ?" ಎಂದೆ ಅವ್ವನಿಗೆ. ಅವರದೇ ಮಾತು, ನನ್ನ ಬಾಯಲ್ಲಿ.

ಅಪ್ಪ ನನ್ನನ್ನೇ ನೋಡಿದ. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಬೇರೆ ಏನು ಮಾಡುವುದು? ಒಳ್ಳೆಯವರಿಗೆ ನಮ್ಮಿಂದ ಕೇಡಾಗಬಾರದು. ಇದರಲ್ಲಿ ತಪ್ಪೇನಿದೆ?

ಜೂನ್ 26, ಗುರುವಾರ

ಆಸ್ಪತ್ರೆಯಲ್ಲಿ ಮುಂಗಡ ಕೇಳಿದೆ. "ಹೊಸದಾಗಿ ಬಂದವ್ರಿಗೆ ಇಲ್ಲ," ಎಂದರು. ಡ್ಯೂಟಿಗೆ ಮೊದಲು ಊರಲ್ಲಿ ಇಂಜೆಕ್ಷನ್, ಡ್ರೆಸ್ಸಿಂಗ್ ಮಾಡುತ್ತಿದ್ದೇನೆ, ಡಾಕ್ಟರ ಚೀಟಿ ಇದ್ದವರಿಗೆ ಮಾತ್ರ. ಒಂದಕ್ಕೆ ಮೂವತ್ತು ರೂಪಾಯಿ. ಮೇಲಿನ ಓಣಿಯವರೂ ಕರೆಯುತ್ತಾರೆ. ಗಾಯ ಕೊಳೆತಾಗ ಒಳಗಿನ ಕೋಣೆಯವರೆಗೂ ಬಿಡುತ್ತಾರೆ. ಗಾಯ ಮಾಯ್ದ ಮೇಲೆ ಮತ್ತೆ ಕಟ್ಟೆ.

ಏಳು ಸಾವಿರ ಕೂಡಿದರೆ ಒಂದು ಕಂತು. ಒಂದು ಕಂತಾದರೂ ಕಟ್ಟಿದರೆ ಸಾಹುಕಾರರ ಸಿಟ್ಟು ಇಳಿದೀತು.

ಅಪ್ಪ ನನ್ನ ಜೊತೆ ಹೆಚ್ಚು ಮಾತಾಡುತ್ತಿಲ್ಲ. ಮೊಣಕಾಲು ನೋವಿರಬೇಕು.

ಜುಲೈ 3, ಗುರುವಾರ

ಮೊನ್ನೆ ಪಗಾರ ಬಂತು.

ಏಳು ಸಾವಿರ ಕೂಡಿತು. ರಜೆ ಹಾಕಿ ಬ್ಯಾಂಕಿಗೆ ಹೋದೆ. ಹಳೆಯ ಮ್ಯಾನೇಜರು ವರ್ಗವಾಗಿ ಎಷ್ಟೋ ವರ್ಷವಾಗಿದೆ. ಸಾಲದ ಟೇಬಲ್ಲಿನಲ್ಲಿ ಒಬ್ಬಳು ಹುಡುಗಿ. ಹೆಸರಿನ ಫಲಕದಲ್ಲಿ ಐಶ್ವರ್ಯಾ ಎಂದಿತ್ತು. ನನ್ನಷ್ಟೇ ವಯಸ್ಸು, ರಾಮದುರ್ಗದ ಕಡೆಯವಳಂತೆ. "ಕೂಡ್ರಿ," ಎಂದಳು. ಕೂತೆ. ಬರುವಾಗ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದೆ.

"ಮೇಡಂ, ಒಂದು ಕಂತು ತಂದೇನಿ. ಉಳಿದದ್ದೂ ಕಟ್ತೇನಿ. ಆದ್ರ ನನ್ನ ಜಾಮೀನುದಾರ್ರಿಗೆ ತ್ರಾಸ ಕೊಡಬ್ಯಾಡ್ರಿ. ಅವರ ಹೊಲದ ಮ್ಯಾಲ ಬೋಜಾ ಹಾಕಬ್ಯಾಡ್ರಿ."

"ಯಾವ ಜಾಮೀನುದಾರ್ರಿ?"

"ಸೋಮಪ್ಪ ಸಾವ್ಕಾರ್ರು."

ಅವಳು ಕಂಪ್ಯೂಟರ್ ನೋಡಿದಳು. ಎದ್ದು ಒಳಗೆ ಹೋಗಿ ಧೂಳು ಹಿಡಿದ ಫೈಲು ತಂದಳು. ಒಂದೊಂದೇ ಹಾಳೆ ತಿರುವಿದಳು. "ನೋಡ್ರಿ ಅಕ್ಕಾರ. ಸಾಲಗಾರರು ನೀವು. ಸಹ ಸಾಲಗಾರರು ನಿಮ್ಮ ತಂದಿ. ಮುಗೀತು. ಇದರಾಗ ಜಾಮೀನುದಾರ್ರು ಅಂತ ಯಾರೂ ಇಲ್ಲ. ನಾಲ್ಕು ಲಕ್ಷದ ಒಳಗಿನ ಓದಿನ ಸಾಲಕ್ಕ ಹೊರಗಿನವ್ರ ಜಾಮೀನು ಬೇಕಾಗೂದೂ ಇಲ್ಲ."

"ಸಹಿ ಮಾಡ್ಯಾರ್ರಿ. ನಾನ ಕಣ್ಣಾರೆ ನೋಡೇನಿ."

ಇನ್ನೂ ಹಿಂದಕ್ಕೆ ತಿರುವಿದಳು. ಅಲ್ಲಿತ್ತು, ನೀಲಿ ಶಾಯಿಯ ಸಹಿ, ಸೊಟ್ಟ ಗೆರೆ ಎಳೆದದ್ದು. "ಇದಾ? ಇದು ನೀವು ಉಳಿತಾಯ ಖಾತೆ ತಗದಾಗಿನ ಅರ್ಜಿ. ‘ಇವರನ್ನು ನಾನು ಬಲ್ಲೆ’ ಅಂತ ಪರಿಚಯದ ಸಹಿ. ಖಾತಾ ಇದ್ದವ್ರು ಯಾರು ಬೇಕಾದ್ರೂ ಮಾಡಬಹುದಿತ್ತು. ಇದಕ್ಕ ಯಾರ ಹೊಲಾನೂ ಹೋಗಂಗಿಲ್ಲ, ಹಿತ್ತಲಾನೂ ಹೋಗಂಗಿಲ್ಲ."

ಸಹಿಯ ಮೇಲೆ ಬೆರಳಿಟ್ಟು ಆ ಸಾಲನ್ನು ನಾನೇ ಓದಿದೆ. ಅವಳು ನೀರು ಕೊಟ್ಟಳು. ಕೇಳಿದ್ದಕ್ಕೆ ಅದರ ನಕಲು ಮಾಡಿಸಿ ಕೊಟ್ಟಳು. ಕಂತಿನ ರಸೀದಿಯನ್ನೂ.

ನಮಗೆ ಯಾರೂ ಸುಳ್ಳು ಹೇಳಿರಲಿಲ್ಲ. ನಾವು ಯಾರನ್ನೂ ಕೇಳಿರಲಿಲ್ಲ. ನಮ್ಮಂಥವರಿಗೆ ಬ್ಯಾಂಕು ದುಡ್ಡು ಕೊಡುತ್ತದೆ ಎಂದರೆ ಹಿಂದೆ ಒಬ್ಬ ದೊಡ್ಡವನು ನಿಂತಿರಲೇಬೇಕು ಎಂದು ನಾವೇ ತಿಳಿದೆವು. ಅಷ್ಟು ಆಳಕ್ಕೆ ಇಳಿದಿದೆ ಅದು.

ಜುಲೈ 4, ಶುಕ್ರವಾರ

ಏಳು ವರ್ಷ. ವರ್ಷಕ್ಕೆ ಎಷ್ಟು ಭಾನುವಾರ ಎಂದು ಹಾಳೆಯಂಚಿನಲ್ಲಿ ಬರೆಯತೊಡಗಿದೆ. ಹಿತ್ತಲ ಗೋಡೆ, ನೀರಿನ ತೊಟ್ಟಿ, ಮಾಳಿಗೆ, ದನದ ಮನೆ. ಅವ್ವನ ಏಳು ಸುಗ್ಗಿ. ನಡುವೆಯೇ ಬಿಟ್ಟೆ. ಈ ಲೆಕ್ಕ ಕೂಡಿಸಿದರೆ ನನಗೆ ಹುಚ್ಚು ಹಿಡಿಯುತ್ತದೆ.

ಅವ್ವನಿಗೆ ಹೇಳಿದೆ. ಮೊದಲು ನಕ್ಕಳು. "ಬರೇ ಗುರ್ತದ ಸಹಿಯೇನ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ನಗು ಎಲ್ಲಿ ಹೋಯಿತೋ.

"ನಿಮ್ಮಪ್ಪಗ ಹೇಳಬ್ಯಾಡ," ಎಂದಳು. "ಋಣ ತೀರಸಾಕತ್ತೇನಿ ಅಂತ ಏಳು ವರ್ಷ ತಲಿ ಎತ್ತಿ ಹೋಗ್ಯಾನ. ಋಣನ ಇರಲಿಲ್ಲ ಅಂದ್ರ ಅಂವ ಏನಂತ ತಿಳ್ಕೋಬೇಕು ತನಗ ತಾನ?"

ಅವ್ವ ಹೇಳುವುದರಲ್ಲಿ ನ್ಯಾಯವಿದೆ. ಆದರೆ ಹೇಳದಿದ್ದರೆ ಅಪ್ಪ ಹದಿನೈದರೊಳಗೆ ದಾರಿಯ ಸಹಿ ತೆಗೆಯುತ್ತಾನೆ. ತೆಗೆ ಎಂದವಳು ನಾನೇ.

ಜುಲೈ 6, ಭಾನುವಾರ

ಅಪ್ಪನಿಗೆ ಒಬ್ಬನಿಗೇ ಹೇಳುವ ಧೈರ್ಯ ಬರಲಿಲ್ಲ. ಸೋಮಪ್ಪನ ಮನೆಗೇ ಹೋದೆ.

ಅಪ್ಪ ಡ್ರಮ್ಮಿನ ಮೇಲೆ ಹಲಗೆ ಹಾಕಿಕೊಂಡು ದನದ ಮನೆಯ ಗೋಡೆಗೆ ಗಿಲಾವು ಮಾಡುತ್ತಿದ್ದ. ಸೋಮಪ್ಪ ಹೊರಗೆ ಮಂಚದ ಮೇಲಿದ್ದ. ಹಾಳೆ ಕೈಗೆ ಕೊಟ್ಟು ಬ್ಯಾಂಕಿನಲ್ಲಿ ಕೇಳಿದ್ದನ್ನೆಲ್ಲ ಹೇಳಿದೆ. ಅಪ್ಪನಿಗೂ ಕೇಳಲಿ ಎಂದು ಜೋರಾಗಿಯೇ ಹೇಳಿದೆ.

ಸೋಮಪ್ಪ ಚಾಳೀಸು ಹಾಕಿಕೊಂಡು ಓದಿದ. ಮತ್ತೊಮ್ಮೆ ಓದಿದ. ಅವನು ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಅರಳಿತು.

"ಹಂಗಾದ್ರ ನನ್ನ ಉತಾರಕ್ಕ ಏನೂ ಆಗಂಗಿಲ್ಲ?"

"ಏನೂ ಆಗಂಗಿಲ್ಲ."

"ಏ ಯಲ್ಲವ್ವಾ, ಕೇಳಿದೇನ! ನಮ್ಮ ಹೊಲಕ್ಕ ಏನೂ ಇಲ್ಲಂತ!" ಎಂದು ಒಳಗೆ ಕೂಗಿದ. "ನಾನೂ ಜಾಮೀನಂತನ ತಿಳದಿದ್ದೆ ನೋಡವಾ. ಈ ಹುಡುಗಿ ಎಲ್ಲಿ ಮುಳುಗಸ್ತಾಳೋ ಅಂತ ನಿದ್ದಿ ಇದ್ದಿದ್ದಿಲ್ಲ."

ಅವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದು ಮೋಸ ಮಾಡಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು.

"ನಮ್ಮಪ್ಪ ಏಳು ವರ್ಷ ಪುಕ್ಕಟ ದುಡದಾನ," ಎಂದೆ.

"ನಾ ಕರದಿದ್ನೇನ? ಅಂವನ ಬರ್ತಿದ್ದ."

"ಬರಬ್ಯಾಡ ಅಂತ ಅಂದಿದ್ರೇನ್ರಿ?"

ಅವನು ಹಾಳೆ ಮಡಚಿದ. "ಆವತ್ತ ನಿಮ್ಮ ಜೋಡಿ ಬ್ಯಾಂಕಿಗೆ ಯಾರ ಬರ್ತಿದ್ರವಾ? ನಾ ಬಂದಿದ್ದೆ. ಅದನ್ನ ಮರೀಬ್ಯಾಡ."

ಅದೂ ನಿಜವೇ. ಮರೆತಿಲ್ಲ. ಹಾಗೆಂದೆ. "ಹಂಗಾದ್ರ ದಾರಿ ಸಹಿ ಮಾತು ಇಲ್ಲಿಗೆ ಬಿಡ್ರಿ," ಎಂದೂ ಅಂದೆ.

"ಅದು ಬಿಡೂದೇನ್ ಬಂತು? ನಿಮ್ಮಪ್ಪ ಕಾಗದಕ್ಕ ಸಹಿ ಮಾಡಿ ಕೊಟ್ಟು ಹದಿನೈದು ದಿನಾ ಆತು. ನಿನಗ ಹೇಳಿಲ್ಲೇನ?"

ಹದಿನೈದು ದಿನ ಹಿಂದಕ್ಕೆ ಎಣಿಸಿದೆ. ನಾನು ‘ತಗದ ಬಿಡಪಾ’ ಎಂದ ವಾರವೇ.

ಗೋಡೆಯ ಕಡೆ ನೋಡಿದೆ. ಅಪ್ಪ ನಮಗೆ ಬೆನ್ನು ಮಾಡಿ ನಿಂತಿದ್ದ. ಕರಣಿ ಗೋಡೆಯ ಮೇಲೆ ಆಡುತ್ತಲೇ ಇತ್ತು. ಎಲ್ಲ ಕೇಳಿಸಿತ್ತು ಅವನಿಗೆ. ಇಳಿದು ಬರುತ್ತಾನೆ, ಕರಣಿ ಬಿಸಾಕುತ್ತಾನೆ ಎಂದು ಕಾದೆ. ಬರಲಿಲ್ಲ. ಕಲಸಿದ ಮಾಲು ಪುಟ್ಟಿಯಲ್ಲಿ ಇನ್ನೂ ಇತ್ತು, ಅದು ಮುಗಿಯುವವರೆಗೆ ಮೆತ್ತಿದ. ಮೂಲೆ ತೀಡಿದ. ಒಂದು ಕಣ್ಣು ಮುಚ್ಚಿ ಗೋಡೆಯ ನೇರ ನೋಡಿದ. ಆಮೇಲೆ ಇಳಿದು ಕೈಕಾಲು ತೊಳೆದುಕೊಂಡು ಸೋಮಪ್ಪನ ಮುಂದೆ ಬಂದು ನಿಂತ.

"ಒಂಬೈನೂರು ಕೊಡ್ರಿ."

"ಏನು?"

"ಇವತ್ತಿನ ಪಗಾರ. ಹಿಂದಿಂದು ಕೇಳಂಗಿಲ್ಲ. ಅದು ನನ್ನ ಶ್ಯಾಣೇತನಕ್ಕ ಹೋತು. ಇವತ್ತಿಂದು ಕೊಡ್ರಿ."

ಸೋಮಪ್ಪ ಒಳಗೆ ಹೋಗಿ ಬಂದ. ಐನೂರರ ಒಂದು ನೋಟು, ನೂರರ ನಾಲ್ಕು. ಅಪ್ಪ ಎಣಿಸಿಯೇ ಕಿಸೆಗೆ ಇಟ್ಟ.

"ದಾರಿ ಕಾಗದಾನೂ ಕೊಡ್ರಿ."

"ಕೊಟ್ಟ ಕಾಗದ ಕೊಟ್ಟಂಗ, ಶಂಕ್ರ್ಯಾ."

ಅಪ್ಪ ಮುಂದೆ ಮುಂದೆ ನಡೆದ. ಅವನ ಹಿಂದೆ ಹಿಂದೆ ನಡೆದೆ. ಅಂಗಿಯ ಬೆನ್ನಿನ ಮೇಲೆ ಒಣಗಿದ ಸಿಮೆಂಟು.

ಜುಲೈ 9, ಬುಧವಾರ

ಕೇರಿಗೆ ಗೊತ್ತಾಗಿದೆ. ಅಪ್ಪನೇ ಹೋಗಿ ಹೇಳಿದ. ಯಮನಪ್ಪ ನಮ್ಮ ಬಾಗಿಲಿಗೆ ಬಂದು ಕೂಗಾಡಿದ. "ನಮ್ಮವ್ವನ ಚಟ್ಟಕ್ಕ ಮುಂದಿನ ಹೆಗಲಾ ಕೊಟ್ಟಾಂವ ನೀನು, ಕಾಕಾ! ಅಂಥಾಂವ ಹಿಂದಿಂದ ಹೋಗಿ ಕೈ ಕೊಟ್ಟೆಲ್ಲೋ!"

ಅಪ್ಪ ತಲೆ ತಗ್ಗಿಸಿ ಕುಳಿತ. ನನಗೆ ತಡೆಯಲಾಗಲಿಲ್ಲ. "ಅಣ್ಣಾ, ಸಹಿ ಮಾಡಿದಾಂವ ಅಪ್ಪ. ಮಾಡಿಸಿದಾಕಿ ನಾನು. ಬೈಯೂದಿದ್ರ ನನಗ ಬೈ," ಎಂದೆ. ಎಲ್ಲ ಬಿಡಿಸಿ ಹೇಳಿದೆ. ಬ್ಯಾಂಕು, ಫೈಲು, ನೀಲಿ ಶಾಯಿ.

ಅವನು ಚಪ್ಪಲಿ ಮೆಟ್ಟಿದ. ಹೊರಟವನು ತಿರುಗಿ ಬಂದ. ದನಿ ಬೇರೆಯಾಗಿತ್ತು. "ತಂಗಿ, ನನ್ನ ಟಂಟಂ ಸಾಲದ ಕಾಗದಾನೂ ಒಂದ್ಸಲ ನೋಡ್ತಿಯೇನ? ಅದಕ್ಕೂ ಮ್ಯಾಲಿನ ಓಣಿಯವ್ರದ ಒಂದು ಸಹಿ ಐತಿ."

ನೋಡಿದೆ. ಅವನದು ನಿಜವಾದ ಜಾಮೀನು. ಆಮೇಲೆ ನಮ್ಮ ಕೇರಿಯ ಪ್ರಜ್ಞಾ ತನ್ನ ಡಿಪ್ಲೊಮಾ ಸಾಲದ ಕಾಗದ ತಂದಳು. ಅದರಲ್ಲಿ ಜಾಮೀನು ಯಾರೂ ಇಲ್ಲ, ಆದರೂ ಸಹಿಯ ಋಣಕ್ಕೆಂದು ಅವಳ ತಮ್ಮ ಒಬ್ಬರ ಮನೆಯ ದನ ಕಾಯುತ್ತಿದ್ದಾನೆ. ಶುಕ್ರವಾರ ಅವಳನ್ನು ಬ್ಯಾಂಕಿಗೆ ಕರೆದೊಯ್ಯಬೇಕು. ನನ್ನ ಡ್ಯೂಟಿ ಮಧ್ಯಾಹ್ನದ್ದು, ಬೆಳಿಗ್ಗೆ ಆದೀತು.

ಜುಲೈ 15, ಮಂಗಳವಾರ

ಹನ್ನೊಂದಕ್ಕೆ ಕಂದಾಯ ನಿರೀಕ್ಷಕರು ಬಂದರು. ಜಿಟಿಜಿಟಿ ಮಳೆ. ಕೇರಿಯ ಮುಕ್ಕಾಲು ಜನ ಕೆಲಸ ಬಿಟ್ಟು ಹೊಲದ ಬದುವಿನಲ್ಲಿ ನಿಂತಿದ್ದರು. ಸೋಮಪ್ಪ ಕೊಡೆ ಹಿಡಿದು ಕಬ್ಬಿನ ಪಕ್ಕ ನಿಂತಿದ್ದ. ನಿರೀಕ್ಷಕರು ನಕಾಶೆ ಬಿಡಿಸಿ, "ಅರ್ಜಿದಾರ ಶಂಕ್ರೆಪ್ಪ ಯಾರು?" ಎಂದು ಕೇಳಿದರು.

ಅಪ್ಪ ಬಾಯಿ ತೆರೆಯುವ ಮೊದಲೇ ಸೋಮಪ್ಪ ಕಾಗದ ಚಾಚಿದ. "ಅಂವ ಅರ್ಜಿ ಹಿಂದಕ್ಕ ತಗೊಂಡಾನ್ರಿ ಸಾಹೇಬ್ರ. ದಾರಿ ಇರಲೇ ಇಲ್ಲ ಅಂತ ಬರದ ಕೊಟ್ಟಾನ."

ದಾರಿ ಇರಲೇ ಇಲ್ಲ ಎಂದು ಬರೆದದ್ದು ಅಪ್ಪನಿಗೂ ಗೊತ್ತಿರಲಿಲ್ಲ. ಓದದೆ ಸಹಿ ಮಾಡಿದ್ದ.

"ಇದು ನಿಮ್ಮ ಸಹಿನ ಏನು?" ಎಂದು ನಿರೀಕ್ಷಕರು ಅಪ್ಪನಿಗೆ ತೋರಿಸಿದರು.

ಅಲ್ಲ ಎಂದು ಬಿಡಬಹುದಿತ್ತು. ಯಮನಪ್ಪ ಹಿಂದಿನಿಂದ, "ಅಲ್ಲ ಅನ್ನು ಕಾಕಾ, ಅಲ್ಲ ಅನ್ನು," ಎಂದು ಪಿಸುಗುಡುತ್ತಿದ್ದ.

"ನಂದರಿ," ಎಂದ ಅಪ್ಪ. "ಸಹಿ ನಂದ. ಮಾತು ನಂದಲ್ಲ. ಇವರು ನನ್ನ ಮಗಳ ಸಾಲಕ್ಕ ಜಾಮೀನದಾರ ಅಂತ ಮೊನ್ನಿ ಮೊನ್ನಿತನಾ ತಿಳದಿದ್ನಿರಿ. ಅಂಜಿ ಮಾಡೇನಿ. ದಾರಿ ಇತ್ರಿ. ಇದ ದಾರಿಯಿಂದ ನಮ್ಮಪ್ಪನ್ನ ಹೊತ್ತೇನಿ, ನಮ್ಮವ್ವನ್ನ ಹೊತ್ತೇನಿ. ಈಗ ನೀವು ನಿಂತಲ್ಲೆ ಬಂಡಿ ತಿರಗಸ್ತಿದ್ರು." ಬಾಗಿ ಕಬ್ಬಿನ ಬುಡದ ಕೆಸರಿನಲ್ಲಿ ಕೈ ಹಾಕಿ ಕೆದಕತೊಡಗಿದ. ಗೌಂಡಿಯ ಕೈ. ಒಂದು ಗೇಣು ಕೆಳಗೆ ಹಾಸುಗಲ್ಲು ಸಿಕ್ಕಿತು. ಅದರ ಪಕ್ಕ ಇನ್ನೊಂದು. ಹಳ್ಳದ ಇಳಿಜಾರಿಗೆ ಬಂಡಿ ಜಾರಬಾರದೆಂದು ಯಾರೋ ಹಿರಿಯರು ಹಾಸಿದ್ದು.

ನಿರೀಕ್ಷಕರು ಕಲ್ಲು ನೋಡಿದರು, ಫೋಟೋ ತೆಗೆದರು, ನಕಾಶೆ ನೋಡಿದರು. "ಇದನ್ನ ಬರಕೊಂಡೇನಿ," ಎಂದರು. "ಆದ್ರ ಮೊದಲ ಅರ್ಜಿದಾರರು ಎರಡು ಥರ ಹೇಳಿಕಿ ಕೊಟ್ಟಂಗಾತು. ಅವರ ಹೆಸರಿನ ಮ್ಯಾಲ ಮುಂದುವರಸೂದು ಕಷ್ಟ. ಬ್ಯಾರೆ ಯಾರರ ಮುಂದ ಬಂದು ಹೆಸರು ಕೊಡ್ರಿ. ವಿಚಾರಣಿಗೆ ಬರಬೇಕಾಗತೈತಿ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಯಮನಪ್ಪನ ಟಂಟಂ ಸಾಲಕ್ಕೆ ಸೋಮಪ್ಪನ ಅಳಿಯನೇ ಜಾಮೀನು, ಅದು ನಿಜವಾದದ್ದು. ಒಬ್ಬೊಬ್ಬರ ಕೊರಳಿಗೂ ಒಂದೊಂದು ಹಗ್ಗ.

"ಬರಕೊಳ್ರಿ," ಎಂದೆ. "ಸಂಘಮಿತ್ರಾ. ತಂದೆ ಶಂಕ್ರೆಪ್ಪ."

ಸೋಮಪ್ಪ ಕೊಡೆಯ ಕೆಳಗಿಂದ ನಕ್ಕ. "ಇಕಿನ? ಇಕಿ ಬ್ಯಾಂಕಿಗೆ ಬಾಕಿ ಉಳಿಸ್ಕೊಂಡಾಕಿ ಸಾಹೇಬ್ರ. ಊರೆಲ್ಲ ಗೊತ್ತೈತಿ."

"ಹೌದ್ರಿ," ಎಂದೆ. "ಬಾಕಿ ಐತಿ. ಬ್ಯಾಂಕಿಂದು. ನಿಮ್ಮದಲ್ಲ."

ನಿರೀಕ್ಷಕರು ಬರೆದುಕೊಂಡರು. ವಿಚಾರಣೆ ಆಗಸ್ಟ್ ಆರಕ್ಕೆ, ಬೈಲಹೊಂಗಲದಲ್ಲಿ. ಆಸ್ಪತ್ರೆಗೆ ಒಂದು ತಾಸು ತಡವಾಯಿತು, ಅರ್ಧ ದಿನದ ಪಗಾರ ಕಡಿದರು. ಅವ್ವ ಸಂಜೆಯಿಂದ ನಾನಂದ ಆ ಮಾತನ್ನು ಓಣಿಯವರಿಗೆಲ್ಲ ಹೇಳುತ್ತಿದ್ದಾಳೆ, ಪ್ರತಿ ಸಲ ಸ್ವಲ್ಪ ಉದ್ದ ಮಾಡಿ. ನನಗೆ ಕಾಲಿಗೆ ಮೆತ್ತಿದ್ದ ಕೆಸರು, ಬಸ್ಸು ತಪ್ಪಿದ್ದು, ಇಷ್ಟೇ ನೆನಪು.

ಜುಲೈ 20, ಭಾನುವಾರ

ಅಪ್ಪ ಮನೆಯಲ್ಲೇ ಇದ್ದ. ಬೆಳಿಗ್ಗೆ ಏಳಕ್ಕೆ ಎದ್ದು ಅಂಗಿ ಹಾಕಿಕೊಂಡ, ಆಮೇಲೆ ತೆಗೆದು ಗೂಟಕ್ಕೆ ಸಿಕ್ಕಿಸಿದ. ಭಾನುವಾರದಲ್ಲಿ ಏನು ಮಾಡಬೇಕೋ ಅವನಿಗೆ ಗೊತ್ತಿಲ್ಲ. ಹಿತ್ತಲಿಗೆ ಹೋದ, ಬಂದ. ಅವ್ವನ ಒಲೆಯ ಬಾಯಿ ಒಡೆದಿದ್ದು ಕಂಡು ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತ.

"ಏಳು ವರ್ಷದಿಂದ ಒಡದೈತಿ. ಸಾವ್ಕಾರ್ರ ಮನ್ಯಾಗ ಇದ್ದಿದ್ರ ಎಂದೋ ಕಟ್ಟತಿದ್ದಿ," ಎಂದಳು ಅವ್ವ.

"ಸುಮ್ನಿರ ಪದ್ಮವ್ವಾ. ಗಿರಾಕಿ ಪಗಾರ ಕೊಡಂಗಿದ್ರ ಹೇಳು."

ಇಬ್ಬರೂ ನಕ್ಕರು. ಈ ಮನೆಯಲ್ಲಿ ಇದಕ್ಕೆ ಮೊದಲು ಅಪ್ಪ ಹಾಸ್ಯ ಮಾಡಿದ್ದು ನನಗೆ ನೆನಪಿಲ್ಲ.

ಇನ್ನೂ ಮೂರು ಕಂತು ಬಾಕಿ ಇದೆ. ಐಶ್ವರ್ಯಾ ಮೇಡಂ ಕಂತು ಚಿಕ್ಕದು ಮಾಡಿ ಅವಧಿ ಹೆಚ್ಚಿಸಲು ಅರ್ಜಿ ಬರೆಸಿಕೊಂಡಿದ್ದಾರೆ. ಆಗುತ್ತದೋ ಇಲ್ಲವೋ. ನಾನು ಹೊಸ್ತಿಲಲ್ಲಿ ಕೂತು ಆ ಕಾಗದಗಳನ್ನು ಓದುತ್ತಿದ್ದೆ. ಅಪ್ಪ ಮಣ್ಣು ಮೆತ್ತಿದ ಕೈಯಲ್ಲೇ ಹತ್ತಿರ ಬಂದು ಇಣುಕಿದ.

"ಒಟ್ಟ ಎಷ್ಟು ಉಳದೈತವಾ?"

ಏಳು ವರ್ಷದಲ್ಲಿ ಅವನು ಈ ಪ್ರಶ್ನೆ ಕೇಳಿದ್ದು ಇದೇ ಮೊದಲು. ಅವನಿಗೆ ಸಾಲ ಎಂದರೆ ಸಹಿ. ಅಂಕಿಯನ್ನು ಅವನು ಕೇಳಿಯೇ ಇರಲಿಲ್ಲ.

"ನಾಲ್ಕು ಲಕ್ಷ ಇಪ್ಪತ್ತೆಂಟು ಸಾವಿರ," ಎಂದೆ.

ಅಪ್ಪ ಒಲೆಯ ಕಡೆ ನೋಡಿದ. ಬೆರಳ ಮೇಲೆ ಏನೋ ಕೂಡಿಸಿದ, ಕಳೆದ.

"ಅಷ್ಟನ?" ಎಂದ. "ನಾ ಬಾಳ ಐತಿ ಅಂತ ತಿಳದಿದ್ದೆ."